ಆರೋಗ್ಯ ವರದಿ ಬರೆಯುವ ಅಳುಕು: ನಿವಾರಣೆಯಲ್ಲಿ ಸದಸ್ಯರ ಪಾತ್ರ

ಆರೋಗ್ಯ ಉಪಕೇಂದ್ರಗಳ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಹೆಚ್ಚಿನವರು ಶುಶ್ರೂಷಾ ಶಿಕ್ಷಣ ಪಡೆದವರು. ಚುಚ್ಚುಮದ್ದು ನೀಡುವಾಗ ಅಂಜದ ಕೈ, ಗ್ರಾಮ ಪಂಚಾಯಿತಿಗೆ ವರದಿ ಬರೆಯುವಾಗ ಅಂಜುವುದುಂಟು. ಭಾಷೆ ತಪ್ಪೀತು, ಯಾರಾದರೂ ಮುನಿದಾರು, ದೋಷ ತಮ್ಮ ಮೇಲೆಯೇ ಬಂದೀತು ಎಂಬ ಅಳುಕೇ ಇದಕ್ಕೆ ಕಾರಣ. ಆದರೆ ವರದಿ ತಡವಾದಷ್ಟೂ ಕಲುಷಿತ ನೀರು ಇನ್ನಷ್ಟು ಮನೆಗಳನ್ನು ಸೇರುತ್ತದೆ. ಆದುದರಿಂದ ಈ ಅಳುಕಿನ ನಿವಾರಣೆ ಸದಸ್ಯರ ಹೊಣೆಯೂ ಹೌದು.

ವರದಿಯ ನಾಲ್ಕು ಪ್ರಶ್ನೆಗಳು

1. ಕಂಡದ್ದೇನು?
2. ಅಳೆದದ್ದೇನು?
3. ಮಾಡಿದ್ದೇನು?
4. ಆಗಬೇಕಾದದ್ದೇನು, ಯಾರಿಂದ, ಎಂದಿಗೆ?

ಈ ಕ್ರಮವನ್ನು ಅನುಸರಿಸಿದರೆ ಎಲ್ಲಿಂದ ಆರಂಭಿಸಬೇಕೆಂಬ ಚಿಂತೆ ಉಳಿಯದು.

ಉದಾಹರಣೆ

"ನೀರಿನ ಸ್ಥಿತಿ ಸಮಾಧಾನಕರವಾಗಿಲ್ಲ, ಸೂಕ್ತ ಕ್ರಮ ಅಗತ್ಯ" ಎಂಬ ವಾಕ್ಯ ಯಾರನ್ನೂ ನೋಯಿಸದು, ಯಾವ ಕೆಲಸವನ್ನೂ ಮಾಡಿಸದು. "ನೀರುಗಂಟಿಯ ನಿರ್ಲಕ್ಷ್ಯವೇ ಕಾರಣ" ಎಂಬುದು ಊಹೆ, ಜಗಳಕ್ಕೆ ಮೂಲ. ಅದನ್ನೇ ಹೀಗೆ ಬರೆಯಬಹುದು:

"ಕೆಳಗಿನ ಓಣಿಯಲ್ಲಿ ಎರಡು ದಿನಗಳಲ್ಲಿ 6 ಮಂದಿಗೆ ಅತಿಸಾರವಾಗಿದೆ. ಎಲ್ಲ ಮನೆಗಳಿಗೂ ಒಂದೇ ಟ್ಯಾಂಕಿನ ನೀರು ಬರುತ್ತದೆ. ನಲ್ಲಿ ನೀರಿನ ಪರೀಕ್ಷೆಯಲ್ಲಿ ಉಳಿಕೆ ಕ್ಲೋರಿನ್ ಕಂಡುಬಂದಿಲ್ಲ. ಓಆರ್‌ಎಸ್ ನೀಡಿ, ನೀರು ಕುದಿಸಿ ಕುಡಿಯಲು ತಿಳಿಸಲಾಗಿದೆ. ಪಂಚಾಯಿತಿಯು ಇಂದೇ ಟ್ಯಾಂಕ್ ತೊಳೆಸಿ ಕ್ಲೋರಿನ್ ಹಾಕಿಸಬೇಕು."

24 ಗಂಟೆಗಳಲ್ಲಿ 3 ಅಥವಾ ಹೆಚ್ಚು ಬಾರಿ ನೀರಾಗಿ ಭೇದಿಯಾದರೆ ಅದು ಅತಿಸಾರ. ಕ್ಲೋರಿನ್‌ನಿಂದ ಶುದ್ಧೀಕರಿಸಿದ ನೀರು ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಭಾರತೀಯ ಮಾನದಂಡ. ಇಂತಹ ಅಳತೆಗಳನ್ನು ಆಧರಿಸಿದ ವರದಿ ಯಾರ ಮೇಲಿನ ದೂರೂ ಅಲ್ಲ. ಬರೆದವರಿಗೆ ಅಳತೆಯೇ ರಕ್ಷಣೆ.

ಸದಸ್ಯರು ಗಮನಿಸಬೇಕಾದ ಅಂಶಗಳು

• ಇಂತಹ ವರದಿ ಸಭೆಯ ದಿನಕ್ಕಾಗಿ ಕಾಯಬಾರದು. ಅದೇ ದಿನ ವೈದ್ಯಾಧಿಕಾರಿಗಳಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೂ ತಲುಪಬೇಕು.
• ಕಾಗುಣಿತದ ತಪ್ಪನ್ನು ಸಭೆಯಲ್ಲಿ ಎತ್ತಿ ಆಡಬಾರದು.
• "ಏಕೆ ಬರೆದಿರಿ?" ಎನ್ನುವ ಬದಲು "ಎಲ್ಲಿ, ಎಂದು ಕಂಡಿರಿ?" ಎಂದು ಕೇಳಬೇಕು.
• ಊರಿನ ಹೆಸರು ಕೆಡುವುದೆಂದು ಸಂಖ್ಯೆಯನ್ನು ತಗ್ಗಿಸಲು ಒತ್ತಾಯಿಸಬಾರದು.
• ರೋಗಿಗಳ ಹೆಸರನ್ನು ಸಭೆಯಲ್ಲಿ ಓದಬಾರದು. ಓಣಿ ಮತ್ತು ಸಂಖ್ಯೆ ಸಾಕು.
• ಕೈಗೊಂಡ ಕ್ರಮವನ್ನು ವರದಿ ಬರೆದವರಿಗೆ ತಿಳಿಸಬೇಕು. ತಾವು ಬರೆದುದರಿಂದ ಟ್ಯಾಂಕ್ ಶುದ್ಧವಾಯಿತೆಂದು ಅರಿತವರು ಮುಂದಿನ ವರದಿಯನ್ನು ಅಳುಕದೆ ಬರೆಯುತ್ತಾರೆ.

ಚರ್ಚೆಗೆ: ತಮ್ಮ ಪಂಚಾಯಿತಿಗೆ ಬಂದ ಕೊನೆಯ ಆರೋಗ್ಯ ವರದಿಯಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿತ್ತೇ? ಅದರ ಮೇಲೆ ಯಾವ ಕ್ರಮವಾಯಿತು?