ಸಣ್ಣ ಸೆಳೆತಗಳ ಲೆಕ್ಕ: ಸಂಶೋಧನೆಗೆ ಹೊರಟವಳಿಗೊಂದು ಪತ್ರ

ಪ್ರೀತಿಯ ಮಗೂ,

ಪಾಲಿಮರ್ ಸರಪಳಿಗಳು ತಾವಾಗಿಯೇ ಒಪ್ಪವಾಗಿ ಜೋಡಿಸಿಕೊಳ್ಳುವ ಬಗೆಯನ್ನು ಕಂಪ್ಯೂಟರಿನಲ್ಲಿ ಕಾಣಲು ಹೊರಟಿದ್ದೀಯೆ. ಸಂತೋಷ. ಈ ದಾರಿಯಲ್ಲಿ ಬಹಳ ದೂರ ನಡೆದ ಮೇಲೆ ನಿನಗೆ ಹೇಳಬೇಕೆನಿಸಿದ್ದು ಇಷ್ಟೇ: ಸಣ್ಣ ಸಂಖ್ಯೆಯನ್ನು ಸಣ್ಣದೆಂದು ಬಿಡಬೇಡ.

ಎರಡು ಕಾರ್ಬನ್ ಪರಮಾಣುಗಳ ನಡುವಿನ ಬಂಧ ಮುರಿಯಲು ಮೋಲಿಗೆ ಸುಮಾರು 350 ಕಿಲೋಜೂಲ್ ಬೇಕು. ಕೋಣೆಯ ಉಷ್ಣತೆಯಲ್ಲಿ ಅಣುಗಳ ಚಡಪಡಿಕೆಯ ಅಳತೆ ಅದೇ ಲೆಕ್ಕದಲ್ಲಿ ಬರೀ 2.5. ಸಣ್ಣ ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತ ಅದರ ಆಸುಪಾಸಿನದು. ಹೈಡ್ರೋಜನ್ ಬಂಧ ಅದರ ಕೆಲವು ಪಟ್ಟು. ಈ ಸೆಳೆತಗಳು ಇಷ್ಟು ಸಡಿಲವಾಗಿರುವುದರಿಂದಲೇ ತಪ್ಪಾಗಿ ಕೂಡಿದ್ದು ಬಿಡಿಸಿಕೊಂಡು ಸರಿಯಾದ ಜಾಗ ಹುಡುಕಿಕೊಳ್ಳುತ್ತದೆ.

ಚಪ್ಪಲಿಯ ಅಟ್ಟೆಗೆ ಬಳಸುವ ಸ್ಟೈರೀನ್-ಬ್ಯುಟಡೈಯೀನ್-ಸ್ಟೈರೀನ್ ರಬ್ಬರನ್ನೇ ನೋಡು. ಸರಪಳಿಯ ಎರಡು ತುದಿಗಳ ಪಾಲಿಸ್ಟೈರೀನ್ ಭಾಗಗಳು ನಡುವಿನ ರಬ್ಬರಿನೊಡನೆ ಬೆರೆಯದೆ ತಮ್ಮಲ್ಲೇ ಗುಂಪುಗೂಡಿ ಗಟ್ಟಿ ಗಂಟುಗಳಾಗುತ್ತವೆ. ಗಂಧಕ ಹಾಕಿ ಬೇಯಿಸದೆಯೂ ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ಕಾಯಿಸಿದರೆ ಮೆತ್ತಗಾಗಿ ಹೊಸ ಅಚ್ಚಿಗೆ ಇಳಿಯುತ್ತದೆ.

ಈ ಬೆರೆಯದಿರುವ ಗುಣಕ್ಕೊಂದು ಅಳತೆಯಿದೆ, ಫ್ಲೋರಿ-ಹಗಿನ್ಸ್ ಸಂಖ್ಯೆ. ಎರಡು ಸಮಭಾಗಗಳ ಸರಪಳಿಯಲ್ಲಿ, ಈ ಸಂಖ್ಯೆಯನ್ನು ಸರಪಳಿಯ ಉದ್ದದಿಂದ ಗುಣಿಸಿದಾಗ 10.5 ದಾಟಿದರೆ ಪದರಗಳು ಮೂಡುತ್ತವೆಂದು ಲುಡ್ವಿಕ್ ಲೈಬ್ಲರ್ 1980ರಲ್ಲಿ ತೋರಿಸಿದರು. ಉದ್ದ 300 ಕೊಂಡಿಗಳೆಂದುಕೋ. ನಿನ್ನ ಸಂಖ್ಯೆ 0.032 ಆದರೆ ಗುಣಲಬ್ಧ 9.6, ಎಲ್ಲವೂ ಕಲಸಿಕೊಂಡೇ ಇರುತ್ತದೆ. 0.038 ಆದರೆ 11.4, ಪದರಗಳು ಸಿದ್ಧ! ಮೂರನೆಯ ದಶಮಾಂಶದ ತಪ್ಪು ಇಲ್ಲದ ವಸ್ತುವನ್ನೇ ಸೃಷ್ಟಿಸಿಬಿಡುತ್ತದೆ. ಹನಿಗೂಡಿ ಹಳ್ಳವೆನ್ನುತ್ತೇವೆ, ತಪ್ಪಿನ ಹನಿಗಳೂ ಹಾಗೆಯೇ ಕೂಡುತ್ತವೆ.

ಕಂಪ್ಯೂಟರಿನಲ್ಲಿ ಎಲ್ಲ ಪರಮಾಣುಗಳನ್ನೂ ಲೆಕ್ಕಕ್ಕೆ ಹಿಡಿದರೆ ಒಂದೆರಡು ಫೆಮ್ಟೋಸೆಕೆಂಡಿನ ಹೆಜ್ಜೆಯಲ್ಲೇ ನಡೆಯಬೇಕು. ಪದರ ಮೂಡುವವರೆಗೆ ಕಾಯಲಾಗದು. ಅದಕ್ಕೇ ಮಾರ್ಟಿನಿಯಂಥ ಮಾದರಿಗಳು ಹೈಡ್ರೋಜನ್ ಬಿಟ್ಟು ಸುಮಾರು ನಾಲ್ಕು ಪರಮಾಣುಗಳನ್ನು ಒಂದು ಮಣಿಯಾಗಿಸುತ್ತವೆ. ಮಣಿ ಮಾಡಿದಾಗ ಒಳಗಿನ ಘರ್ಷಣೆಯೂ ಕಳೆದುಹೋಗುತ್ತದೆ, ಎಲ್ಲವೂ ಬೇಗ ನಡೆಯುತ್ತದೆ. ಆ ಗಡಿಯಾರವನ್ನು ನಂಬಬೇಡ. ಏನನ್ನು ಬಿಟ್ಟೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡು.

ಮೊದಲ ಸಲ ಪರದೆಯ ಮೇಲೆ ಪದರಗಳು ಮೂಡಿದಾಗ ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ವಾರದ ನಂತರ, ಕಂಪ್ಯೂಟರಿನಲ್ಲಿ ಸರಪಳಿಗಳನ್ನು ತುಂಬಿಟ್ಟ ಪೆಟ್ಟಿಗೆಯ ಅಳತೆ ಬದಲಿಸಿ ನೋಡಿದೆ. ಪದರಗಳ ಅಂತರವೂ ಬದಲಾಯಿತು. ನಾನು ಅಳೆದದ್ದು ವಸ್ತುವನ್ನಲ್ಲ, ನನ್ನದೇ ಪೆಟ್ಟಿಗೆಯನ್ನು. ನೀನು ಮೂರು ಅಳತೆಗಳಲ್ಲಾದರೂ ನೋಡು. ಒಮ್ಮೆ ಚೆಲ್ಲಾಪಿಲ್ಲಿಯಿಂದ, ಒಮ್ಮೆ ಜೋಡಿಸಿಟ್ಟ ಸ್ಥಿತಿಯಿಂದ ಶುರುಮಾಡು. ಎರಡೂ ಒಂದೇ ಕಡೆ ಬಂದು ನಿಲ್ಲಲಿ. ಆಮೇಲೆ ಪ್ರಯೋಗಾಲಯದವರು ಎಕ್ಸ್-ಕಿರಣ ಚದುರಿಕೆಯಿಂದ ಪಡೆದ ಅಂತರದ ಪಕ್ಕದಲ್ಲಿಟ್ಟು ನೋಡು.

ನಿನ್ನ ಮೊದಲ ಚಿತ್ರ ಬಂದಾಗ ನನಗೂ ಕಳಿಸು. ಕೆಳಗೆ ಪೆಟ್ಟಿಗೆಯ ಅಳತೆ ಬರೆಯುವುದನ್ನು ಮರೆಯಬೇಡ.

ನಿನ್ನ ಶ್ರೇಯಸ್ಸನ್ನು ಬಯಸುವ,
ಹಿರಿಯ ಜೊತೆಗಾರ