ಅಂಬಾಸಿಡರ್‌ಗೆ ಐದು ಗೇರ್ ಕೂರಿಸುವ ಮುನ್ನ

ಅಂಕೋಲಾದಿಂದ ಯಲ್ಲಾಪುರದ ಕಡೆ ಅರಬೈಲ್ ಘಟ್ಟ ಹತ್ತುವಾಗ ಹಳೆಯ ಅಂಬಾಸಿಡರ್ ಓಡಿಸಿದವರಿಗೆ ಈ ಪೇಚು ಗೊತ್ತು. ತಿರುವಿನಲ್ಲಿ ಮುಂದಿನ ಲಾರಿ ಏದುಸಿರು ಬಿಡುತ್ತಾ ನಿಂತೇ ಬಿಡುತ್ತದೆ. ಮೂರರಿಂದ ಎರಡಕ್ಕೆ ಇಳಿಯಬೇಕು, ಸ್ಟೀರಿಂಗ್ ಪಕ್ಕದ ಲಿವರ್ ಮಾತ್ರ ನಡುವೆಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳಗೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬಂದು ಕಾರವಾರದ ಕಡೆ ತಿರುಗಿದರೆ ಬೇರೆಯೇ ತಕರಾರು: ರಸ್ತೆ ಅಗಲವಾಗಿದೆ, ಎಂಜಿನ್ ಮಾತ್ರ ನಾಲ್ಕನೇ ಗೇರ್‌ನಲ್ಲಿ ಅರಚುತ್ತಿರುತ್ತದೆ. ಆಗ ತಲೆಗೆ ಬರುವುದೇ ಐದು ಗೇರ್‌ನ ಫ್ಲೋರ್ ಶಿಫ್ಟ್ ಪೆಟ್ಟಿಗೆ.

ಅಮೆರಿಕದಲ್ಲಿ ಹಳೆಯ ಕಾರಿಗೆ ಗೇರ್‌ಬಾಕ್ಸ್ ಬದಲಿಸುವುದೆಂದರೆ ಎಷ್ಟೋ ಸಲ ಆಟೊಮ್ಯಾಟಿಕ್ ಕಿತ್ತು ಮ್ಯಾನ್ಯುಯಲ್ ಹಾಕುವುದು. ಅಲ್ಲಿ ಕ್ಲಚ್ ಪೆಡಲ್ಲನ್ನೇ ಹೊಸದಾಗಿ ಕೂರಿಸಬೇಕು. ನಮ್ಮ ಹಳೆಯ ಕಾರುಗಳಿಗೆ ಆ ರಗಳೆ ಇಲ್ಲ, ಮೂರು ಪೆಡಲ್ ಮೊದಲೇ ಇವೆ. ನಮ್ಮಲ್ಲಿ ನಡೆಯುವುದು ನಾಲ್ಕು ಗೇರ್‌ನ ಪೆಟ್ಟಿಗೆ ಇಳಿಸಿ ಐದರದ್ದು ಏರಿಸುವ ಕೆಲಸ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಿಡರ್‌ಗೆ ಬಹುಕಾಲ ಇದ್ದದ್ದು 1489 ಸಿಸಿಯ ಬಿಎಂಸಿ ಎಂಜಿನ್ ಮತ್ತು ಸ್ಟೀರಿಂಗ್ ಕಂಬದ ಮೇಲಿನ ನಾಲ್ಕು ಗೇರ್. 1992ರಲ್ಲಿ ಬಂದ 1800 ಐಎಸ್‌ಝಡ್‌ನಲ್ಲಿ ಇಸುಝು ಎಂಜಿನ್, ಐದು ಗೇರ್, ನೆಲದ ಮೇಲೆ ಲಿವರ್. ಕಾಂಟೆಸ್ಸಾ ಕ್ಲಾಸಿಕ್‌ನಲ್ಲಿದ್ದದ್ದೂ ಇದೇ ಇಸುಝು ಕುಟುಂಬದ ಎಂಜಿನ್ನು, ಪೆಟ್ಟಿಗೆ. ಗುಜರಿಯಲ್ಲಿ ಜನ ಹುಡುಕುವುದು ಇದನ್ನೇ.

ಮೊದಲು ಬುಷ್, ಆಮೇಲೆ ಪೆಟ್ಟಿಗೆ

ನೇರವಾಗಿ ಹೇಳುವುದಾದರೆ, ಗೇರ್ ಸರಿಯಾಗಿ ಬೀಳುವುದಿಲ್ಲ ಎಂದು ಪೆಟ್ಟಿಗೆ ಬದಲಿಸಲು ಹೊರಡುವವರಲ್ಲಿ ಅನೇಕರಿಗೆ ಅದರ ಅಗತ್ಯವೇ ಇರುವುದಿಲ್ಲ. ಬಾನೆಟ್ ಎತ್ತಿ, ಒಳಗೆ ಒಬ್ಬರನ್ನು ಕೂರಿಸಿ ಲಿವರ್ ನಿಧಾನವಾಗಿ ಆಡಿಸಲು ಹೇಳಿ. ಸ್ಟೀರಿಂಗ್ ಕಂಬದ ಬುಡದಿಂದ ಪೆಟ್ಟಿಗೆಗೆ ಹೋಗುವ ಸರಳುಗಳನ್ನು ನೋಡುತ್ತಿರಿ. ಮೇಲೆ ಲಿವರ್ ಅಲುಗಿದ ಮೇಲೂ ಕೆಳಗಿನ ಸರಳು ಕ್ಷಣಹೊತ್ತು ಸುಮ್ಮನಿದ್ದು ಆಮೇಲೆ ಹೊರಟರೆ, ಸವೆದಿರುವುದು ಅಲ್ಲಿನ ಬುಷ್ ಮತ್ತು ಪಿನ್ನು. ಕಡಲ ಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಿ ಇವು ತುಕ್ಕಿನಿಂದ ಒಂದೋ ಬಿಗಿಯುತ್ತವೆ, ಇಲ್ಲವೇ ಕರಗುತ್ತವೆ. ಲೇತ್‌ನಲ್ಲಿ ಹೊಸ ಬುಷ್ ಕಡೆಸಿ, ಗ್ರೀಸ್ ತುಂಬಿ, ಸರಳಿನ ಉದ್ದ ಹೊಂದಿಸಿದರೆ ಸ್ಟೀರಿಂಗ್ ಕಂಬದ ಲಿವರ್‌ನಿಂದಲೇ ಗೇರ್ ಹಿತವಾಗಿ ಬೀಳುತ್ತದೆ. ಮೊದಲ ಗೇರ್ ಮಾತ್ರ ಕರಕರ ಎಂದರೆ ಹೆದರಬೇಡಿ. ಹಳೆಯ ಪೆಟ್ಟಿಗೆಯಲ್ಲಿ ಮೊದಲನೆಯದಕ್ಕೆ ಸಿಂಕ್ರೊ ಇಲ್ಲ, ಗಾಡಿ ನಿಂತ ಮೇಲೆಯೇ ಹಾಕಬೇಕು.

ಇಷ್ಟು ಮಾಡಿಯೂ ಐದನೇ ಗೇರ್ ಬೇಕೇ ಬೇಕು ಎನ್ನುವವರು ಮುಂದೆ ಓದಿ.

ಆರ್‌ಸಿ ಪುಸ್ತಕ ತೆರೆದು ಕೂರಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ಎಂಜಿನ್ ನಂಬರು, ಚಾಸಿ ನಂಬರು, ಸಿಸಿ, ಆಸನಗಳ ಸಂಖ್ಯೆ ಆರ್‌ಸಿಯಲ್ಲಿ ಇರುತ್ತವೆ. ಪೆಟ್ಟಿಗೆಯ ಜೊತೆ ಇಸುಝು ಎಂಜಿನ್ನನ್ನೂ ತಂದು ಕೂರಿಸಿದರೆ ಇವುಗಳಲ್ಲಿ ಎರಡು ಬದಲಾಗುತ್ತವೆ, ಆರ್‌ಟಿಒ ಅನುಮತಿ ಇಲ್ಲದೆ ಅದಕ್ಕೆ ಕೈ ಹಾಕಲೇಬೇಡಿ. ಮುಂದಿನ ಉದ್ದ ಸೀಟು ತೆಗೆದು ಎರಡು ಬಿಡಿ ಸೀಟು ಹಾಕುವುದೂ ಆಸನಗಳ ಲೆಕ್ಕಕ್ಕೆ ಬರುತ್ತದೆ. ಮೂಲ ಎಂಜಿನ್ ಉಳಿಸಿಕೊಂಡು ಪೆಟ್ಟಿಗೆ ಮಾತ್ರ ಬದಲಿಸುವ ದಾರಿ ಹಗುರ. ಆದರೂ ಕಾರವಾರದ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಿಮೆಯವರಿಗೂ ತಿಳಿಸಿ.

50 ವರ್ಷ ದಾಟಿದ ಕಾರಾದರೆ ಇನ್ನೊಂದು ಯೋಚನೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದಂತೆ ‘ವಿಎ’ ಸರಣಿಯ ನೋಂದಣಿ ಬೇಕಿದ್ದರೆ ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. 1975ಕ್ಕೆ ಮುಂಚಿನ ಮಾರ್ಕ್ 2 ಕಾರುಗಳು ಈ ವಯಸ್ಸು ದಾಟಿವೆ. ಫ್ಲೋರ್ ಶಿಫ್ಟ್‌ಗಾಗಿ ನೆಲದ ತಗಡು ಕತ್ತರಿಸಿದ ಕಾರನ್ನು ಮೂಲ ರೂಪದ್ದು ಎಂದು ವಾದಿಸುವುದು ಕಷ್ಟ. ನನ್ನನ್ನು ಕೇಳಿದರೆ, ಕಲೆಯಿಲ್ಲದ ಮಾರ್ಕ್ 2ಕ್ಕೆ ಗರಗಸ ಹಾಕುವುದು ತಪ್ಪು. ನೋವಾ, ಮಾರ್ಕ್ 4 ಕಾಲದ, ಮೊದಲೇ ನಾಲ್ಕಾರು ಕೈ ಬದಲಾದ ಕಾರುಗಳಿಗೆ ಈ ಕೆಲಸ ಇರಲಿ.

ಗುಜರಿಯಲ್ಲಿ ಏನು ನೋಡಬೇಕು

ಕಾರವಾರ, ಅಂಕೋಲಾಗಳಲ್ಲಿ ಇಂಥ ಪೆಟ್ಟಿಗೆ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಹುಬ್ಬಳ್ಳಿ, ಅಲ್ಲಿಯೂ ಇಲ್ಲವೆಂದರೆ ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆ. ಪೆಟ್ಟಿಗೆ ಒಂದನ್ನೇ ತರಬೇಡಿ. ಬೆಲ್ ಹೌಸಿಂಗ್, ಕ್ಲಚ್ ಫೋರ್ಕ್, ರಿಲೀಸ್ ಬೇರಿಂಗ್ ಹಿಡಿಕೆ, ಕ್ಲಚ್ ಪ್ಲೇಟು, ಗೇರ್ ಲಿವರ್, ಹಿಂದಿನ ಮೌಂಟಿಂಗ್, ಸ್ಪೀಡೋ ಕೇಬಲ್ಲಿನ ಗೇರು, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಯೋಕ್, ಎಲ್ಲವೂ ಒಂದೇ ಗಾಡಿಯವು ಇರಲಿ. ಆಮೇಲೆ ಒಂದು ಯೋಕಿಗಾಗಿ ಮತ್ತೆ ಬೆಂಗಳೂರಿನ ಬಸ್ಸು ಹತ್ತುವುದು ತಪ್ಪುತ್ತದೆ.

ಅಂಗಡಿಯಲ್ಲೇ ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ ಇಳಿಸಿ ನೋಡಿ. ಆಯಿಲ್‌ನಲ್ಲಿ ಹಿತ್ತಾಳೆಯ ಸಣ್ಣ ಮಿನುಗು ಇದ್ದರೆ ಅದು ಸಿಂಕ್ರೊ ಸವೆತ, ಸಹಜ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ವಾಪಸು ಬನ್ನಿ. ಒಂದೊಂದೇ ಗೇರ್ ಹಾಕಿ ಇನ್‌ಪುಟ್ ಶಾಫ್ಟ್ ಕೈಯಲ್ಲಿ ತಿರುಗಿಸಿ: ಎಲ್ಲಿಯೂ ತಡವರಿಸಬಾರದು, ಮೇಲೆ ಕೆಳಗೆ ಅಲ್ಲಾಡಬಾರದು. ಮರೆಯದೆ ರಿವರ್ಸ್ ಕೂಡ ಹಾಕಿ ನೋಡಿ.

ಐದನೇ ಗೇರ್‌ನಿಂದ ಎಷ್ಟು ಲಾಭ ಎಂಬ ಲೆಕ್ಕವನ್ನೂ ಈಗಲೇ ಹಾಕಿ. ಮುಂದಿನ ಚಕ್ರಗಳಿಗೆ ತಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಹಿಂದಿನ ಒಂದೇ ಚಕ್ರ ಜಾಕ್‌ನಲ್ಲಿ ಎತ್ತಿ. ಇನ್ನೊಂದು ನೆಲದ ಮೇಲಿರಲಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ಹಿಂದಿನ ಆಕ್ಸಲ್‌ನ ಅನುಪಾತ. ಐದನೇ ಗೇರ್ 0.85 ಇದ್ದರೆ ಅದೇ ವೇಗದಲ್ಲಿ ಎಂಜಿನ್ ಸುತ್ತು ಶೇಕಡ 15 ಇಳಿಯುತ್ತದೆ. ಹಳೆಯ 1489 ಸಿಸಿ ಎಂಜಿನ್‌ಗೆ ಶಕ್ತಿ ಕಮ್ಮಿ. ಆ ಗೇರ್ ಸಮತಟ್ಟಾದ ಹೆದ್ದಾರಿಗೆ ಮಾತ್ರ, ಕಾರವಾರದ ಹತ್ತಿರದ ಬಿಣಗಾದ ಏರಿಗೆ ನಾಲ್ಕೇ ಗತಿ.

ಇಳಿಸುವುದು

ಬಿಚ್ಚುವ ಮುನ್ನ ಅಳತೆ ತೆಗೆಯಿರಿ: ಎಂಜಿನ್ನಿನ ಹಿಂಬದಿಯಿಂದ ಲಿವರ್‌ವರೆಗೆ, ಪೆಟ್ಟಿಗೆಯ ತುದಿಯವರೆಗೆ, ಎರಡೂ ಪೆಟ್ಟಿಗೆಗಳದ್ದು. ಬ್ಯಾಟರಿ ತಂತಿ ಕಳಚಿ. ಪ್ರೊಪೆಲ್ಲರ್ ಶಾಫ್ಟಿಗೂ ಹಿಂದಿನ ಫ್ಲಾಂಜಿಗೂ ಗುರುತು ಹಾಕಿ ಬಿಚ್ಚಿ. ಸ್ಪೀಡೋ ಕೇಬಲ್, ಕ್ಲಚ್ ಸಂಪರ್ಕ, ಶಿಫ್ಟ್ ಸರಳುಗಳನ್ನು ಬಿಡಿಸಿ, ಎಂಜಿನ್ ಹಿಂಬದಿಗೆ ಜಾಕ್ ಕೊಟ್ಟು ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆದು ಇಳಿಸಿ.

ನಮ್ಮ ಕಡೆ ಕಾರು ಎತ್ತಿ ನಿಲ್ಲಿಸಲು ಅಂಗಳದ ಚಿರೆಕಲ್ಲು ಇಡುವ ರೂಢಿಯಿದೆ. ದಯವಿಟ್ಟು ಬೇಡ. ನೀರು ಕುಡಿದ ಚಿರೆಕಲ್ಲು ಅಂಚಿನಲ್ಲಿ ಪುಡಿಯಾಗಿ ಹಠಾತ್ತನೆ ಸೀಳುತ್ತದೆ, ಅಡಿಯಲ್ಲಿ ನೀವಿರುತ್ತೀರಿ. ಕಬ್ಬಿಣದ ಸ್ಟ್ಯಾಂಡ್ ನಾಲ್ಕು ತಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಈ ಕೆಲಸ ಎತ್ತಿಕೊಳ್ಳದಿರುವುದೇ ಜಾಣತನ.

ಕೇಂದ್ರ ಸೇರಿಸುವುದು: ಇಡೀ ಕೆಲಸ ಇಲ್ಲಿದೆ

ಬಿಎಂಸಿ ಎಂಜಿನ್ನಿಗೂ ಇಸುಝು ಬೆಲ್ ಹೌಸಿಂಗಿಗೂ ಬೋಲ್ಟಿನ ತೂತು ಕೂಡುವುದಿಲ್ಲ. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಟ್ರಾಲರ್ ದೋಣಿಗಳ ಶಾಫ್ಟ್ ಕಡೆಯುವ ಲೇತ್‌ನವರಿಗೆ ಪ್ಲೇಟು ಕೊರೆಯುವುದು ದೊಡ್ಡ ಮಾತಲ್ಲ. ಆದರೆ ಕಣ್ಣಳತೆ ಇಲ್ಲಿ ನಡೆಯದು. ಕ್ರ್ಯಾಂಕ್ ಶಾಫ್ಟಿನ ನಡುಗೆರೆಯೂ ಪೆಟ್ಟಿಗೆಯ ಇನ್‌ಪುಟ್ ಶಾಫ್ಟಿನ ನಡುಗೆರೆಯೂ ಒಂದೇ ಆಗಬೇಕು. ಕೂದಲೆಳೆ ತಪ್ಪಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಮುಂದಿನ ಬೇರಿಂಗ್ ಊಳಿಡತೊಡಗುತ್ತದೆ, ಗೇರ್ ತಾನಾಗಿ ಜಾರುತ್ತದೆ.

ಕ್ರಮ ಹೀಗಿರಲಿ. ಪ್ಲೇಟಿನ ಬೋಲ್ಟ್ ತೂತುಗಳನ್ನು ತುಸು ಸಡಿಲವಾಗಿ ಕೊರೆಸಿ. ಪ್ಲೇಟು ಮತ್ತು ಖಾಲಿ ಬೆಲ್ ಹೌಸಿಂಗನ್ನು ಎಂಜಿನ್ನಿಗೆ ಹಗುರವಾಗಿ ಕಟ್ಟಿ. ಡಯಲ್ ಗೇಜನ್ನು ಫ್ಲೈವೀಲ್ ಮೇಲೆ ನಿಲ್ಲಿಸಿ, ಮುಳ್ಳು ಬೆಲ್ ಹೌಸಿಂಗಿನ ನಡುವಿನ ಉರುಟು ಬಾಯಿಯ ಒಳಮೈಗೆ ತಾಗುವಂತೆ ಇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ನನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಲಾಟ 0.13 ಮಿಲಿಮೀಟರ್ ಮೀರಬಾರದು. ಮೀರಿದರೆ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಸರಿಸಿ, ಮತ್ತೆ ತಿರುಗಿಸಿ. ಸರಿಬಂದ ಕೂಡಲೇ ಬಿಗಿದು, ಆ ಜಾಗದಲ್ಲೇ ಡೋವೆಲ್ ಪಿನ್ನಿಗೆ ತೂತು ಹಾಕಿಸಿ. ಕೇಂದ್ರ ಹಿಡಿಯುವುದು ಪಿನ್ನು, ಬೋಲ್ಟಿಗೆ ಬಿಗಿಯುವುದಷ್ಟೇ ಗೊತ್ತು. ಪಿನ್ನಿಲ್ಲದೆ ಕೆಲಸ ಮುಗಿಸುತ್ತೇನೆ ಎನ್ನುವ ಗ್ಯಾರೇಜಿನಿಂದ ಕಾರು ವಾಪಸು ತನ್ನಿ.

ಕ್ರ್ಯಾಂಕಿನ ಹಿಂತುದಿಯ ಸ್ಪಿಗಟ್ ಬುಷ್ ಹೊಸ ಶಾಫ್ಟಿನ ಮೂತಿಗೆ ಹೊಂದುವ ಅಳತೆಯಲ್ಲಿ ಕಂಚಿನಲ್ಲಿ ಕಡೆಸಿ. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಹೊಸ ಶಾಫ್ಟಿನದು, ಹೊರಗಿನ ವ್ಯಾಸ ನಿಮ್ಮ ಫ್ಲೈವೀಲಿನದು. ಎರಡನ್ನೂ ಕೂಡಿಸಿ ಪ್ಲೇಟು ಕಟ್ಟಿಕೊಡುವವರು ಹುಬ್ಬಳ್ಳಿಯಂಥ ಊರಲ್ಲಿ ಸಿಗುತ್ತಾರೆ. ಪೆಟ್ಟಿಗೆ ಏರಿಸುವಾಗ ಕೊನೆಯ ಒಂದು ಸೆಂಟಿಮೀಟರ್ ಒಳಹೋಗದೆ ನಿಂತರೆ ಬೋಲ್ಟ್ ಬಿಗಿದು ಎಳೆಯಬೇಡಿ. ಕ್ಲಚ್ ಪ್ಲೇಟು ಪಕ್ಕಕ್ಕಿದೆ, ಇಲ್ಲವೇ ಶಾಫ್ಟಿನ ಮೂತಿ ಬುಷ್ ತಳಕ್ಕೆ ತಾಗಿದೆ. ಎಳೆದರೆ ಅಲ್ಯುಮಿನಿಯಂ ಕಿವಿ ಸೀಳುತ್ತದೆ. ಪೆಟ್ಟಿಗೆಯ ಭಾರ ಶಾಫ್ಟಿನ ಮೇಲೆ ನೇತಾಡಲೂ ಬಿಡಬೇಡಿ.

ನೆಲ, ಶಾಫ್ಟು, ಆಯಿಲ್

ನೆಲದ ತಗಡಿಗೆ ಮೊದಲು ರಟ್ಟಿನ ಮಾದರಿ ಇಟ್ಟು ಗೆರೆ ಎಳೆಯಿರಿ, ಗೆರೆಗಿಂತ ಒಳಗೇ ಕತ್ತರಿಸಿ. ಮುಂದಿನ ಟಾರ್ಷನ್ ಬಾರ್‌ಗಳ ಹಿಂತುದಿ ಹಿಡಿದಿರುವ ಅಡ್ಡತೊಲೆಯನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬಾರದು, ಕಾರಿನ ಮುಂಭಾರ ಅದರ ಮೇಲಿದೆ. ಪೆಟ್ಟಿಗೆಯ ಮೌಂಟಿಂಗಿಗೆ ಬೇರೆಯೇ ಪಟ್ಟಿ ಕಟ್ಟಿಸಿ. ಕತ್ತರಿಸಿದ ಅಂಚಿಗೆ ಅಂದೇ ಜಿಂಕ್ ಪ್ರೈಮರ್ ಬಳಿಯಿರಿ. ಕಾರವಾರದ ಗಾಳಿಗೆ ಬೆತ್ತಲೆ ತಗಡು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಉದ್ದ ಸೀಟು ಉಳಿಸಿಕೊಳ್ಳುವವರು ಲಿವರ್ ಎರಡನೇ, ನಾಲ್ಕನೇ ಗೇರ್‌ನಲ್ಲಿ ಸೀಟಿಗೆ ತಾಗುತ್ತದೆಯೇ ನೋಡಿ. ತಾಗಿದರೆ ಲಿವರ್ ಮುಂದಕ್ಕೆ ಬಾಗಿಸಬೇಕು.

ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಿದ ಮೇಲೆ ಬ್ಯಾಲೆನ್ಸಿಂಗ್ ಕಡ್ಡಾಯ. ಪೆಟ್ಟಿಗೆಯ ತುದಿ ಮತ್ತು ಆಕ್ಸಲ್‌ನ ಪಿನಿಯನ್ ಒಂದಕ್ಕೊಂದು ಸಮಾಂತರವಾಗಿರಬೇಕು, ಕ್ರಾಸ್‌ಗಳ ಕೋನ ಒಂದರಿಂದ ಮೂರು ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಹಿತ್ತಾಳೆಯ ಸಿಂಕ್ರೊ ಇರುವ ಪೆಟ್ಟಿಗೆಗೆ ಕಂಡ ಆಯಿಲ್ ಸುರಿಯಬೇಡಿ. ಆ ಪೆಟ್ಟಿಗೆಯ ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದೇ ಆಗಬೇಕು. ಡಿಫರೆನ್ಷಿಯಲ್ಲಿಗೆ ತಂದ ಆಯಿಲ್ ಇಲ್ಲಿಗಲ್ಲ.

ಓಡಿಸಿ ನೋಡುವುದು

ಮೊದಲ ದಿನ ಊರೊಳಗೆ, ನಿಧಾನಕ್ಕೆ. ಆಮೇಲೆ ಅಂಕೋಲಾದಿಂದ ಕಾರವಾರದ ಕಡೆ ಹೆದ್ದಾರಿಯಲ್ಲಿ 50ರಿಂದ 60ರ ವೇಗ ಹಿಡಿದು, ನೆಲದಲ್ಲಿ ನಡುಕ ಬರುತ್ತದೆಯೇ ಗಮನಿಸಿ. ಬಂದರೆ ಶಾಫ್ಟಿನ ಕೋನ ಇಲ್ಲವೇ ಬ್ಯಾಲೆನ್ಸ್. ಕ್ಲಚ್ ತುಳಿದಾಗ ಮಾತ್ರ ಸದ್ದಾದರೆ ರಿಲೀಸ್ ಬೇರಿಂಗ್ ಅಥವಾ ಸ್ಪಿಗಟ್ ಬುಷ್. ಅರಬೈಲ್ ಘಟ್ಟ ಕೊನೆಗಿರಲಿ: ಹತ್ತುವಾಗ ಕ್ಲಚ್ ಜಾರುತ್ತದೆಯೇ, ಇಳಿಯುವಾಗ ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಗೇರ್ ಹಾರುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಮನೆಗೆ ಬಂದು ಪೆಟ್ಟಿಗೆ ಬಿಸಿಯಿರುವಾಗಲೇ ಅಡಿಯಲ್ಲಿ ರಟ್ಟು ಹಾಸಿ, ಬೆಳಿಗ್ಗೆ ಆಯಿಲ್ ತೊಟ್ಟು ಎಣಿಸಿ. ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.

ಕೊನೆಗೊಂದು ವಿನಂತಿ. ಇಳಿಸಿದ ಹಳೆಯ ಪೆಟ್ಟಿಗೆ, ಸ್ಟೀರಿಂಗ್ ಕಂಬದ ಲಿವರ್, ಸರಳುಗಳನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಆಯಿಲ್ ಸವರಿ, ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲಿಡಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಆ ಭಾಗಗಳನ್ನು ಇನ್ನು ಯಾರೂ ಹೊಸದಾಗಿ ಎರಕ ಹೊಯ್ಯುವುದಿಲ್ಲ.