ಎಂಟು ಎಕರೆ ಮಸಾರಿ, ಮೂರು ಬೇಸಿಗೆಯ ದುಡ್ಡು

ಕುಷ್ಟಗಿ ತಾಲ್ಲೂಕಿನಲ್ಲಿ ಪಾಲಿಗೆ ಬಂದ ಎಂಟು ಎಕರೆ ಮಸಾರಿ ಹೊಲದಲ್ಲಿ ತೋಟ ಮಾಡುತ್ತೇನೆ ಎಂದಾಗ, ಬೆಂಗಳೂರಿನಲ್ಲಿರುವ ತಮ್ಮ ಮೊದಲು ಕಳಿಸಿದ್ದು ಹುಲ್ಲುಹಾಸಿನ ಫೋಟೊ. ಮನೆ ಮುಂದೆ ಮೂರು ಗುಂಟೆ ಹಸಿರಿರಲಿ, ಅದಕ್ಕೇನು ಮಹಾ ಖರ್ಚು ಎಂಬುದು ಅವನ ವಾದ. ಲೆಕ್ಕ ಹಾಕಿದೆ. ಮೂರು ಗುಂಟೆ ಎಂದರೆ ಸುಮಾರು 300 ಚದರ ಮೀಟರ್. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ನೀರಾದರೂ ಬೇಕು. ವಾರಕ್ಕೆ 10,500 ಲೀಟರ್, ಅಂದರೆ ಎರಡು ಟ್ಯಾಂಕರ್. ಎರಡು ಎಕರೆಯಲ್ಲಿ ಹಚ್ಚಿದ 320 ಸೀತಾಫಲಕ್ಕೆ ಗಿಡಕ್ಕೆ ಹತ್ತು ಲೀಟರಿನಂತೆ ವಾರಕ್ಕೊಮ್ಮೆ ಕೊಟ್ಟರೆ 3,200 ಲೀಟರಿಗೆ ಮುಗಿಯುತ್ತದೆ. ಅದೂ ಮೊದಲ ಮೂರು ಬೇಸಿಗೆ ಮಾತ್ರ. ಹುಲ್ಲಿಗೆ ಆ ಮೂರರ ಮಿತಿ ಇಲ್ಲ.

ತೋಟದ ಖರ್ಚು ಎಂದರೆ ಗುಂಡಿ, ಸಸಿ, ಗೊಬ್ಬರ, ತಂತಿಬೇಲಿ ಎಂದು ಕೂಡಿಸುವುದು ರೂಢಿ. ನಾನು ಮೊದಲು ನೋಡುವುದು ನಾಲ್ಕನೇ ವರ್ಷದ ಖರ್ಚನ್ನು. ಗಿಡ ನೆಲ ಹಿಡಿದ ಮೇಲೂ ವರ್ಷಕ್ಕೆ ಎಷ್ಟು ಆಳು, ಎಷ್ಟು ನೀರು ಬೇಡುತ್ತದೆ? ಆ ಮೊತ್ತವನ್ನು ಠೇವಣಿಯ ಬಡ್ಡಿಯಿಂದಲೇ ತುಂಬುವುದಾದರೆ ಅಸಲು ಎಷ್ಟಿರಬೇಕು? ಶೇ 7ರ ಬಡ್ಡಿಯಲ್ಲಿ ವರ್ಷಕ್ಕೆ 24,000 ರೂಪಾಯಿ ಬರಬೇಕಾದರೆ 3.43 ಲಕ್ಷ ಕಟ್ಟಿಡಬೇಕು. ತಿಂಗಳಿಗೆ ಬರೀ ಎರಡು ಸಾವಿರ ತಿನ್ನುವ ಹುಲ್ಲುಹಾಸಿನ ನಿಜವಾದ ಬೆಲೆ ಅದು. ಇದೂ ಕಡಿಮೆಯ ಅಂದಾಜೇ. ಠೇವಣಿಯ ಬಡ್ಡಿ ಇದ್ದಲ್ಲೇ ಇರುತ್ತದೆ, ಕೂಲಿ ಏರುತ್ತಲೇ ಹೋಗುತ್ತದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2014-15ರಲ್ಲಿ 191 ರೂಪಾಯಿ ಇತ್ತು, 2024-25ರಲ್ಲಿ 349 ಆಯಿತು. ಇನ್ನು ಭತ್ತದ ನಾಟಿ ಶುರುವಾಗಿ ಆಳುಗಳು ಗಂಗಾವತಿ, ಕಾರಟಗಿ ಕಡೆ ಹೊರಟರೆಂದರೆ ಹೆಚ್ಚು ಕೊಡುತ್ತೇನೆ ಎಂದರೂ ಕೈಗೆ ಸಿಗುವುದಿಲ್ಲ.

ಈ ಲೆಕ್ಕಕ್ಕೆ ಒಗ್ಗದೆ ಮೊದಲು ಕೈಬಿಟ್ಟದ್ದು ದಾಳಿಂಬೆಯನ್ನು. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ದಾಳಿಂಬೆಯಿಂದ ಮನೆ ಕಟ್ಟಿದವರಿದ್ದಾರೆ, ದುಂಡಾಣು ಅಂಗಮಾರಿ ಬಂದಾಗ ಗಿಡ ಕಿತ್ತು ಸುಟ್ಟವರೂ ಇದ್ದಾರೆ. ದಿನಾ ಹೊಲದಲ್ಲಿ ನಿಂತು ಔಷಧಿ ಹೊಡೆಸುವವರಿಗೆ ಅದು ಸರಿ. ಶ್ರೀಗಂಧ ಹಚ್ಚು ಎಂದು ಹೇಳದ ನೆಂಟರಿಲ್ಲ. 2001ರ ಕಾಯ್ದೆ ತಿದ್ದುಪಡಿಯಿಂದ ಸ್ವಂತ ಜಮೀನಿನ ಗಂಧದ ಮರದ ಒಡೆತನ ಹೊಲದವನಿಗೇ ಬಂತು, ನಿಜ. ಕಳ್ಳರ ಕಾವಲೂ ಅವನ ಮೇಲೇ ಬಿತ್ತು. ಊರಲ್ಲಿ ಇರದ ನನ್ನಂಥವನು ರಾತ್ರಿ ಕಾವಲಿಗೆ ವರ್ಷಗಟ್ಟಲೆ ಸಂಬಳ ಕೊಟ್ಟು ಕಡೆಗೆ ಉಳಿಸುವುದೇನು?

ಸೀತಾಫಲವನ್ನು ಆರಿಸಿದ್ದಕ್ಕೆ ಹಣ್ಣಿನ ರುಚಿಗಿಂತ ದೊಡ್ಡ ಕಾರಣ ಅದರ ಎಲೆ. ಆಡು, ಕುರಿ ಅದಕ್ಕೆ ಬಾಯಿ ಹಾಕುವುದಿಲ್ಲ. ಕುರಿಹಿಂಡು ಓಡಾಡುವ ನಮ್ಮ ಸೀಮೆಯಲ್ಲಿ ಇದೊಂದೇ ಗುಣ ಎರಡು ಎಕರೆಯ ತಂತಿಬೇಲಿಯ ದುಡ್ಡು ಉಳಿಸಿತು. ಹೆಸರಘಟ್ಟದ ಅರ್ಕಾ ಸಹನ್ ತಳಿಯ ಹಣ್ಣು ದೊಡ್ಡದು, ಬೀಜ ಕಡಿಮೆ. ಆದರೆ ಕಾಯಿ ಚೆನ್ನಾಗಿ ಕಟ್ಟಲು ಹೂವಿಗೆ ಕೈಯಿಂದ ಪರಾಗ ಮುಟ್ಟಿಸಬೇಕು. ಅದಕ್ಕೆ ಮತ್ತೆ ಆಳು! ಹಾಗಾಗಿ ಬಾಲಾನಗರ ತಳಿಗೇ ನಿಂತೆ. ಇನ್ನೊಂದು ಎಕರೆಗೆ ಹತ್ತು ಮೀಟರ್ ಅಂತರದಲ್ಲಿ ನಲವತ್ತು ಕಸಿ ಹುಣಸೆ. ಬೀಜದ ಹುಣಸೆಗೆ ಎಂಟು ಹತ್ತು ವರ್ಷ ಕಾಯಬೇಕು, ಕಸಿಯದು ಅದರ ಅರ್ಧದೊಳಗೆ ಕಾಯಿ ತೋರಿಸುತ್ತದೆ. ಹುಣಸೆಯನ್ನು ಗಿಡದ ಮೇಲೆಯೇ ಗುತ್ತಿಗೆ ಕೊಡಬಹುದು, ಬಡಿಯುವ, ಆರಿಸುವ ಆಳಿನ ತಾಪತ್ರಯ ಗುತ್ತಿಗೆದಾರನದು. ದರ ಸ್ವಲ್ಪ ಕಡಿಮೆ ಸಿಗುತ್ತದೆ, ಸಿಗಲಿ. ಕೊಪ್ಪಳದ ಕೇಸರ್ ಮಾವು ಮಾತ್ರ ಮನೆಯ ಹಿಂದೆ ಎರಡೇ ಎರಡು, ಬಚ್ಚಲ ನೀರಿಗೆ.

ಇದೇ ನಕ್ಷೆಯನ್ನು ಯಲಬುರ್ಗಾದ ಎರೆ ಹೊಲಕ್ಕೆ ಒಯ್ಯಬೇಡಿ. ಬೇಸಿಗೆಯಲ್ಲಿ ಎರೆ ಬಿರಿದಾಗ ಎಳೆಯ ಬೇರು ಹರಿಯುತ್ತದೆ, ಅಲ್ಲಿ ಬೇವು, ಬಾರಿಯಂಥ ಗಟ್ಟಿ ಗಿಡಗಳೇ ವಾಸಿ. ತುಂಗಭದ್ರೆಯ ಎಡದಂಡೆ ಕಾಲುವೆಯ ಗಂಗಾವತಿಯಲ್ಲಿ ನೀರಿನ ಚಿಂತೆಯಿಲ್ಲ, ಕಳೆ ಮತ್ತು ಜವಳಿನದೇ ಖರ್ಚು.

ನಮ್ಮಲ್ಲಿ ದುಡ್ಡು ಕೇಳುವುದು ಮೊದಲ ಮೂರು ಬೇಸಿಗೆ. “ಗಿಡ ಹಚ್ಚಾಕ ಎಲ್ಲಾರೂ ಬರ್ತಾರ್ರೀ, ಮಾರ್ಚ್‌ನಾಗ ಕೊಡ ಹಿಡಿಯಾಕ ಯಾರೂ ಇರಂಗಿಲ್ಲ” ಎಂದು ಗುಂಡಿ ತೋಡಲು ಬಂದ ಹಿರಿಯರು ಅಂದರು. ಫೆಬ್ರುವರಿಯಿಂದ ಮೇವರೆಗೆ ಹದಿನಾರು ವಾರ ಹಿಡಿದರೆ ಸೀತಾಫಲಕ್ಕೆ ಐದು ಸಾವಿರ ಲೀಟರಿನ ಹತ್ತು ಟ್ಯಾಂಕರ್ ಬೇಕು. ಆ ದುಡ್ಡನ್ನು ಸಸಿ ತರುವ ಮೊದಲೇ ಮೂರು ಠೇವಣಿಗಳಾಗಿ ಒಡೆದಿಟ್ಟೆ. ಒಂದೊಂದೂ ಒಂದೊಂದು ಫೆಬ್ರುವರಿಗೆ ಕೈಗೆ ಬರುತ್ತದೆ. ನಡುವೆ ಮದುವೆ ಮುಂಜಿ ಬಂದರೂ ಮುಟ್ಟುವಂತಿಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಪ್ರೋತ್ಸಾಹಧನ ಕೊಡುವುದು ಬದುಕಿದ ಸಸಿಗೆ, ಮೂರು ವರ್ಷಗಳಲ್ಲಿ ಹಂಚಿ. ಬದುವಿಗೆ ಬೇವು, ಹೊಂಗೆ ಹಚ್ಚುವವರು ಸಸಿ ತರುವ ಮುಂಚೆಯೇ ವಲಯ ಅರಣ್ಯ ಕಚೇರಿಯಲ್ಲಿ ಹೆಸರು ಬರೆಸಬೇಕು.

ಮನೆ, ಅಂಗಳಕ್ಕೆ ಒಂದೆಕರೆ ಹೋಗಿ ಉಳಿದ ನಾಲ್ಕು ಎಕರೆಗೆ ಏನನ್ನೂ ಹಚ್ಚಿಲ್ಲ. ನೋಡಿದವರು ಬೀಳು ಬಿಟ್ಟಿದ್ದಾನೆ ಎನ್ನುತ್ತಾರೆ. ಅಲ್ಲಿ ಬೆಳೆಯುವ ಹುಲ್ಲನ್ನು ಪಕ್ಕದ ಹೊಲದವರು ದನಗಳಿಗೆ ಕೊಯ್ದು ಒಯ್ಯುತ್ತಾರೆ, ದುಡ್ಡು ಕೊಡುವುದಿಲ್ಲ. ಬದಲಿಗೆ ಡಿಸೆಂಬರಿನಲ್ಲಿ ಸುತ್ತಲೂ ಹತ್ತು ಅಡಿ ಹುಲ್ಲು ಕೆತ್ತಿ ಬೆಂಕಿ ದಾಟದಂತೆ ಮಾಡಿಕೊಡುತ್ತಾರೆ. ಕೈಯಿಂದ ಹೋಗುವುದು ಬಳ್ಳಾರಿ ಜಾಲಿ ಕೀಳಿಸಲು ವರ್ಷಕ್ಕೆ ಆರು ಸಾವಿರ. ಅದರಲ್ಲಿ ಮಾತ್ರ ಜುಗ್ಗತನ ಮಾಡುವುದಿಲ್ಲ, ಒಂದು ವರ್ಷ ಬಿಟ್ಟರೆ ಮರುವರ್ಷ ಜೆಸಿಬಿಯನ್ನೇ ಕರೆಸಬೇಕಾಗುತ್ತದೆ.